ಬಿರುಕಿನ ಪಕ್ಕ ನಿಂತ ಹುಡುಗಿ

ಹದಿನೆಂಟು ಮನೆಗಳ ಸಾಲಿನಲ್ಲಿ ಕಟ್ಟಕಡೆಯ ಮನೆ ಅವಳದು. ಮದುವೆಯಾಗಿ ಬಂದ ತಿಂಗಳೊಳಗೇ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆಗೆ ಸರಿದು ‘ಕೊನೆಮನೆಯಾಕೆ’ ಎಂಬುದೇ ಗಟ್ಟಿಯಾಯಿತು. ಅಂಚೆಯವನೂ ಹಾಗೇ ಕೂಗುತ್ತಿದ್ದ, ಹಾಲಿನವನೂ ಹಾಗೇ ಕೂಗುತ್ತಿದ್ದ. ಗಂಡ ಕಾರ್ಖಾನೆಯಲ್ಲಿ ಇಟ್ಟಿಗೆ ಮೇಸ್ತ್ರಿ. ಉಕ್ಕು ಕಾಯಿಸುವ ಕುಲುಮೆಗಳ ಒಳಮೈಗೆ ಇಟ್ಟಿಗೆ ಕೂರಿಸುವುದು, ಸುಟ್ಟು ಸೀದದ್ದನ್ನು ಕಿತ್ತು ಹೊಸದು ಇಡುವುದು ಅವನ ಕೆಲಸ. ಹಗಲೆಲ್ಲ ಬಿರುಕು ಹುಡುಕಿ ಹುಡುಕಿ ಅಭ್ಯಾಸವಾಗಿ, ಮನೆಗೆ ಬಂದರೂ ಅವನ ಕಣ್ಣು ಗೋಡೆಯ ಮೇಲೇ ಇರುತ್ತಿತ್ತು.

“ನನ್ನ ಮುಖ ನೋಡಿ ಮಾತಾಡಿ. ಗೋಡೆ ಏನೂ ಓಡಿಹೋಗಲ್ಲ” ಎಂದು ಹೊಸದರಲ್ಲಿ ಅವಳು ರೇಗುತ್ತಿದ್ದಳು.

“ಗೋಡೆಯೂ ಓಡುತ್ತೆ. ನಿಧಾನಕ್ಕೆ ಓಡುತ್ತೆ, ಅಷ್ಟೆ” ಎನ್ನುತ್ತಿದ್ದ ಮೇಸ್ತ್ರಿ.

ಕಾರ್ಖಾನೆಯಲ್ಲಿ ಗೇಟ್ ಪಾಸಿಗೆ ಫೋಟೋ ತೆಗೆಯುವವನೊಬ್ಬನಿದ್ದ. ಅವನ ಮನೆಯ ಒಲೆ ಹೊಗೆ ಕಾರಿ ಕಾರಿ ಹೆಂಡತಿಯ ಕಣ್ಣು ಕೆಂಡವಾಗುತ್ತಿತ್ತಂತೆ. ಮೇಸ್ತ್ರಿ ಒಂದು ಭಾನುವಾರ ಹೋಗಿ ಒಲೆ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟ. ಅದಕ್ಕೆ ಬದಲಾಗಿ ಬಂದದ್ದು ಒಂದು ಹಳೆಯ ಡಬ್ಬಿ ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡು ಫೋಟೋ. ವರ್ಷಕ್ಕೊಂದೇ ರೀಲು ಎಂದು ಅವನು ತನಗೆ ತಾನೇ ಕಟ್ಟು ಹಾಕಿಕೊಂಡ. ಹನ್ನೊಂದನ್ನು ಹೊರಗೆ ತೆಗೆಯುತ್ತಿದ್ದ. ಪಾಳಿ ಬಿಟ್ಟಾಗ ಗೇಟಿನಿಂದ ನುಗ್ಗುವ ಸೈಕಲ್ಲುಗಳು, ಕಟ್ಟುತ್ತಿದ್ದ ಎರಡನೆಯ ಚಿಮ್ನಿ, ಅದರ ಸುತ್ತ ಹಕ್ಕಿಗೂಡಿನ ಹಾಗೆ ಬಿಗಿದ ಮರದ ಸಾರುವೆ, ನಲ್ಲಿಯ ಮುಂದೆ ಸಾಲಿನ ಹೆಂಗಸರು. ಆ ನಲ್ಲಿಯ ಫೋಟೋದಲ್ಲಿ ಪಕ್ಕದ ಮನೆಯ, ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ, ಲೇತಿನವನ ಹೆಂಡತಿ ಬಾಯಿ ತೆರೆದುಕೊಂಡೇ ಇದ್ದಾಳೆ. “ನೀನು ಬಾಯಿ ಮುಚ್ಚೋವರೆಗೆ ಕಾದಿದ್ರೆ ಬೆಳಕೇ ಹೋಗ್ತಿತ್ತು” ಎಂದು ಮೇಸ್ತ್ರಿ ಅವಳಿಗೆ ಹೇಳಿದ್ದು ಸಾಲಿನಲ್ಲಿ ಬಹಳ ದಿನ ಓಡಾಡಿತು.

ಹನ್ನೆರಡನೆಯದು ಮಾತ್ರ ಮನೆಯೊಳಗೆ. ಅದು ಮಗಳು ಪುಟ್ಟಿಯದು.

ವರ್ಷಕ್ಕೊಮ್ಮೆ ಹತ್ತು ದಿನ ಕುಲುಮೆಗಳನ್ನು ಆರಿಸುತ್ತಿದ್ದರು. ಉಳಿದವರಿಗೆ ಅದು ರಜೆ, ಇಟ್ಟಿಗೆಯವರಿಗೆ ದುಡಿತ. ಇನ್ನೂ ಬಿಸಿಯಾಡುವ ಗೂಡಿನೊಳಗೆ ಒದ್ದೆ ಗೋಣಿ ಹೊದ್ದು ನುಗ್ಗಬೇಕು. ಹತ್ತನೆಯ ದಿನ ಅವರ ಕೆಲಸ ಮುಗಿದು ಬೆಂಕಿ ಹಾಕುವುದಷ್ಟೇ ಉಳಿದಿರುತ್ತಿತ್ತು. ಆ ದಿನ ಬೆಳಿಗ್ಗೆ ಮೇಸ್ತ್ರಿ ಮೈಯುಜ್ಜಿ ಸ್ನಾನ ಮಾಡಿ, ಮಗಳನ್ನು ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದ. ಅವಳ ತಲೆಯ ಮಟ್ಟಕ್ಕೆ ಪೆನ್ಸಿಲಿನ ಗೀಟು ಎಳೆಯುತ್ತಿದ್ದ. ಒಂದು ಕೈಗೆ ತನ್ನ ಮಡಿಸುವ ಅಡಿಪಟ್ಟಿ, ಇನ್ನೊಂದಕ್ಕೆ ತಾರೀಖು ಬರೆದ ಸ್ಲೇಟು.

“ಮಗುಗೆ ಯಾಕೆ ಇಷ್ಟು ಹೊರೆ?” ಎಂದು ಅವಳು ಕೇಳಿದ್ದಳು, ಮೊದಲನೆಯ ಸಲ, ಪುಟ್ಟಿಗೆ ಮೂರು ವರ್ಷವಿದ್ದಾಗ.

“ಕೈಗೆ ಏನಾದ್ರೂ ಕೊಟ್ರೆ ಮಗು ಅಲ್ಲಾಡಲ್ಲ. ಮನೆಯೊಳಗೆ ಬೆಳಕು ಕಮ್ಮಿ. ಮೂರು ಎಣಿಸೋವರೆಗೆ ಡಬ್ಬಿ ಕಣ್ಣು ತೆಗೆದಿರುತ್ತೆ. ಅಷ್ಟು ಹೊತ್ತು ಕಲ್ಲಿನ ಹಾಗೆ ನಿಲ್ಲಬೇಕು.”

ಪುಟ್ಟಿ ನಿಂತಳು. ಉಸಿರು ಬಿಗಿಹಿಡಿದು ಕೆನ್ನೆ ಉಬ್ಬಿಸಿಕೊಂಡು ನಿಂತಳು. ಎಡಕ್ಕೆ ಕಿಟಕಿ, ಕಿಟಕಿಯಲ್ಲಿ ಚಿಮ್ನಿ, ನಡುವೆ ಪುಟ್ಟಿ, ಬಲಕ್ಕೆ ಬರೀ ಗೋಡೆ. ಆ ಗೋಡೆಯನ್ನು ಯಾಕೆ ಸೇರಿಸಿದ ಎಂದರೆ, ಮುಂದಿನ ವರ್ಷಗಳ ಗೀಟುಗಳಿಗೆ ಜಾಗ ಬೇಕಲ್ಲ ಎಂದ. ಮೂರು, ನಾಲ್ಕು, ಐದು. ಮೂರು ವರ್ಷ ಗೋಡೆ ನುಣ್ಣಗಿತ್ತು.

ಪುಟ್ಟಿಗೆ ಐದು ತುಂಬಿದ ಮೇಲೆ, ಫೋಟೋ ತೆಗೆದು ಎರಡು ತಿಂಗಳಾಗಿತ್ತು, ಕಾರ್ಖಾನೆಗೆ ಹ್ಯಾಮರ್ ಬಂತು. ಕಾದ ಉಕ್ಕನ್ನು ಬಡಿದು ಅಚ್ಚಿಗಿಳಿಸುವ ಯಂತ್ರ. ಮೂರಾಳು ಎತ್ತರ. ಸಾಲಿನವರು ಅದಕ್ಕೆ ‘ದೊಡ್ಡಪ್ಪ’ ಎಂದು ಹೆಸರಿಟ್ಟರು. ದೊಡ್ಡಪ್ಪ ಎದ್ದ, ದೊಡ್ಡಪ್ಪನಿಗೆ ಇವತ್ತು ಸಿಟ್ಟು ಜಾಸ್ತಿ, ದೊಡ್ಡಪ್ಪ ಊಟಕ್ಕೆ ಹೋದ. ಒಂದೊಂದು ಪೆಟ್ಟಿಗೂ ಪಾತ್ರೆಗಳು ಕಪಾಟಿನಲ್ಲಿ ಒಂದಕ್ಕೊಂದು ತಾಗುತ್ತಿದ್ದವು, ಲೋಟದ ನೀರಿನಲ್ಲಿ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು. ತಿಂಗಳಲ್ಲಿ ರೂಢಿಯಾಯಿತು. ಮಕ್ಕಳು ಆ ಪೆಟ್ಟಿಗೆ ಸರಿಯಾಗಿ ಹಗ್ಗ ಜಿಗಿಯುತ್ತಿದ್ದರು.

ಮುಂದಿನ ವರ್ಷ ಪುಟ್ಟಿಯ ಬಲಕ್ಕೆ, ಗೋಡೆಯ ಮೇಲೆ, ಕೂದಲೆಳೆಯಷ್ಟು ತೆಳ್ಳಗಿನ ಗೆರೆಯೊಂದು ಬಂದಿತ್ತು. ಮೇಸ್ತ್ರಿ ಅದನ್ನು ಮುಚ್ಚಲಿಲ್ಲ. ಅವನ ಕಸುಬಿನಲ್ಲಿ ಬಿರುಕು ಕಂಡ ಕೂಡಲೇ ಮೆತ್ತಬಾರದು. ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ, ಮೇಲೆ ತಾರೀಖು ಬರೆದು, ಬಿಟ್ಟುಬಿಡಬೇಕು. ಪಟ್ಟಿ ಹಾಗೇ ಇದ್ದರೆ ಬಿರುಕು ನಿಂತಿದೆ. ಹರಿದರೆ ನಡೆಯುತ್ತಿದೆ. ಹರಿದ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ. ಲೇತಿನವನ ಹೆಂಡತಿ ಬಂದವಳು ನೋಡಿ, “ಗೋಡೆಗೆ ಇಷ್ಟು ಅಂಚೆಚೀಟಿ ಅಂಟಿಸಿದೀರಲ್ಲ ಅಣ್ಣಾ, ಯಾವ ಊರಿಗೆ ಕಳಿಸ್ತೀರಿ?” ಎಂದಳು.

ಅಂದಿನಿಂದ ಫೋಟೋ ತೆಗೆಯುವಾಗ ಪುಟ್ಟಿ ಅಡಿಪಟ್ಟಿಯನ್ನು ಬಿರುಕಿಗೆ ತಾಗಿಸಿ ಹಿಡಿಯಬೇಕಾಯಿತು. ಸ್ಲೇಟಿನ ಮೇಲೆ ತಾರೀಖನ್ನು ತಾನೇ ಬರೆಯುವಷ್ಟು ದೊಡ್ಡವಳಾಗಿದ್ದಳು. ಸೊನ್ನೆಗಳನ್ನು ದೊಡ್ಡದಾಗಿ, ಹೊಟ್ಟೆ ತುಂಬಿದವರ ಹಾಗೆ ಬರೆಯುತ್ತಿದ್ದಳು.

“ನಿಮಗೆ ಬೇಕಾದ್ದು ಮಗಳೋ, ಗೋಡೆಯೋ?” ಎಂದು ಕೊನೆಮನೆಯಾಕೆ ಕೇಳಿದಳು.

“ಎರಡೂ ಬೆಳೆಯೋವೇ ತಾನೆ. ಒಂದೇ ಫಿಲ್ಮಿನಲ್ಲಿ ಆಗಿಹೋಗ್ಲಿ.”

ಅವಳಿಗೆ ಆ ಮಾತು ಸರಿಬರಲಿಲ್ಲ. ಆದರೂ ನಕ್ಕಿದ್ದಳು. ಆಗ ನಗುತ್ತಿದ್ದಳು.

ಪುಟ್ಟಿಗೆ ಒಂಬತ್ತಿದ್ದಾಗ ತೆಗೆದ ಫೋಟೋ ಹಾಳಾಯಿತು. ಆ ವರ್ಷ ಆರ್ಡರ್ ಜಾಸ್ತಿಯಿದ್ದು, ಕುಲುಮೆ ಆರಿಸಿದ ಹತ್ತು ದಿನವೂ ಮಲಗಿರಬೇಕಿದ್ದ ಹ್ಯಾಮರನ್ನು ಒಂದು ದಿನ ಮೊದಲೇ ಎಬ್ಬಿಸಿಬಿಟ್ಟರು. ಮನೆಯವರಿಗೆ ತಿಳಿದಿರಲಿಲ್ಲ. ಮೇಸ್ತ್ರಿ ಒಂದು, ಎರಡು ಎನ್ನುವಷ್ಟರಲ್ಲಿ ನೆಲ ಗುದ್ದಿತು. ಪುಟ್ಟಿ ಬೆಚ್ಚಿ ಬಲಕ್ಕೆ ವಾಲಿ ಬಿರುಕಿಗೇ ಬೆನ್ನು ಕೊಟ್ಟಳು. ಸ್ಲೇಟು ಕೈತಪ್ಪಿ ಬಿತ್ತು. ಮರುಕ್ಷಣವೇ, “ದೊಡ್ಡಪ್ಪ ಹೇಳದೆ ಕೇಳದೆ ಬಂದ!” ಎಂದು ನಗತೊಡಗಿದಳು. ತೊಳೆದು ಬಂದ ಫೋಟೋದಲ್ಲಿ ಎಲ್ಲವೂ ನಡುಗಿತ್ತು. ಕಿಟಕಿ ಎರಡಾಗಿತ್ತು, ಚಿಮ್ನಿ ಮೂರಾಗಿತ್ತು, ಪುಟ್ಟಿಗೆ ಕಣ್ಣು ಮೂಗು ಇರಲಿಲ್ಲ.

“ಬಿರುಕನ್ನೇ ಮುಚ್ಚಿಬಿಟ್ಟಳು. ಒಂದು ವರ್ಷದ ಲೆಕ್ಕ ದಂಡ” ಎಂದು ಮೇಸ್ತ್ರಿ ಗೊಣಗಿದ. ಆದರೂ ಬಿಸಾಡಲಿಲ್ಲ.

ಹತ್ತನೆಯ ವರ್ಷದ್ದೂ ಹನ್ನೊಂದನೆಯ ವರ್ಷದ್ದೂ ಚೆನ್ನಾಗಿ ಬಂದವು. ಪುಟ್ಟಿಗೆ ಹನ್ನೆರಡು ಹಿಡಿದ ವರ್ಷ, ಕುಲುಮೆ ಆರಿಸಲು ಇನ್ನೂ ಎರಡು ತಿಂಗಳಿರುವಾಗ, ಜ್ವರ ಬಂತು. ಮೂರು ದಿನ. ಮೊದಲನೆಯ ದಿನ ಶಾಲೆಗೆ ಹೋಗಿದ್ದಳು. ಎರಡನೆಯ ದಿನ ಗಂಜಿ ಕುಡಿದಳು. ಮೂರನೆಯ ದಿನ ಮಧ್ಯಾಹ್ನ ಕಾರ್ಖಾನೆಯ ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮನ ತೊಡೆಗೆ ತಲೆ ಇಟ್ಟುಕೊಂಡೇ ಹೋದಳು. ಡಾಕ್ಟರು ಬರುವುದಕ್ಕೆ ಮುಂಚೆ ದೊಡ್ಡಪ್ಪ ಹತ್ತು ಪೆಟ್ಟು ಹೊಡೆದ. ಕೊನೆಮನೆಯಾಕೆ ಅದನ್ನು ಎಣಿಸುತ್ತಿದ್ದಳು. ಯಾಕೆ ಎಣಿಸಿದೆ ಎಂದು ಅವಳಿಗೆ ಎಂದೂ ತಿಳಿಯಲಿಲ್ಲ.

ಅವಳು ಅಳಲಿಲ್ಲ. ಸಾಲಿನ ಹೆಂಗಸರು ಬಂದು ಕೂತು ಅತ್ತರು, ಅವಳಿಗೆ ಚಹಾ ಕುಡಿಸಿದರು, ಅವಳು ಕುಡಿದಳು. ನಾಲ್ಕನೆಯ ದಿನ ಪಾತ್ರೆ ತೊಳೆಯುವಾಗ ಕೈಗೆ ಸ್ಲೇಟು ಸಿಕ್ಕಿತು. ಪಾತ್ರೆಗಳ ಜೊತೆ ಅದನ್ನೂ ತೊಳೆದು ಬೋರಲು ಹಾಕಿದಳು. ಅದರ ಮೇಲೆ ಏನಾದರೂ ಬರೆದಿತ್ತೋ ಇಲ್ಲವೋ ನೋಡಿರಲಿಲ್ಲ. ಒಣಗಿದ ಮೇಲೆ ನೋಡಿದರೆ ಕಪ್ಪಗೆ ಹೊಳೆಯುತ್ತಿತ್ತು. ಪಕ್ಕದ ಮನೆಯವಳು ಹಿಂದಿನಿಂದ, “ಕಲ್ಲು, ಕಲ್ಲು” ಎಂದಳಂತೆ. ಬೈಗುಳವಲ್ಲ, ಮರುಕಕ್ಕೇ ಅಂದದ್ದು.

ಆ ವರ್ಷವೂ ಹತ್ತನೆಯ ದಿನ ಬಂತು. ಮೇಸ್ತ್ರಿ ಸ್ನಾನ ಮಾಡಿ ಬಂದ. ಗೋಡೆಗೆ ಎರಡು ಮೊಳೆ ಹೊಡೆದ. ಒಂದಕ್ಕೆ ಅಡಿಪಟ್ಟಿ, ಒಂದಕ್ಕೆ ಸ್ಲೇಟು. ತಾರೀಖು ತಾನೇ ಬರೆದ. ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಅವನು ಒಂದು, ಎರಡು, ಮೂರು ಎಂದು ಎಣಿಸಿದ್ದು ಕೇಳಿಸಿತು. ಖಾಲಿ ಗೋಡೆಗೂ ಎಣಿಸಿದ. ಆಮೇಲೆ ಪುಟ್ಟಿಯ ತಮ್ಮನನ್ನು, ಎರಡು ವರ್ಷದ ಮಗನನ್ನು, ಎತ್ತಿಕೊಂಡು, “ಇವನನ್ನ ನಿಲ್ಲಿಸಲಾ?” ಎಂದ.

“ಬೇಡ.”

“ಗೀಟು ಎಳೆಯೋದಕ್ಕಾದ್ರೂ...”

“ಬೇಡ ಅಂದೆನಲ್ಲ.”

ಆ ಮಗನ ಒಂದು ಫೋಟೋವೂ ಆ ಮನೆಯಲ್ಲಿ ಆಗಲಿಲ್ಲ. ಶಾಲೆಯವರು ತೆಗೆಸಿದ್ದು ಒಂದು, ಬಸ್ ಡ್ರೈವರ್ ಲೈಸೆನ್ಸಿಗೆ ತೆಗೆಸಿದ್ದು ಒಂದು, ಮದುವೆಯದು ಒಂದಷ್ಟು.

ವರ್ಷಗಳು ಹೋದವು. ಮೇಸ್ತ್ರಿ ಹೊರಗಿನ ಹನ್ನೊಂದು, ಒಳಗಿನ ಒಂದು ತೆಗೆಯುತ್ತಲೇ ಇದ್ದ. ಗೇಟಿನ ಫೋಟೋಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಸೈಕಲ್ಲುಗಳು ಹೆಚ್ಚುತ್ತಾ ಹೋಗಿ, ನಡುವೆ ಸ್ಕೂಟರುಗಳು ಸೇರಿ, ಆಮೇಲೆ ಎರಡೂ ತೆಳುವಾಗುತ್ತಾ ಬಂದವು. ಒಂದು ಫೋಟೋದಲ್ಲಿ ಗೇಟಿನ ಮುಂದೆ ನಾಯಿಯೊಂದು ಕಾಲು ಚಾಚಿ ಮಲಗಿದೆ, ಪಾಳಿ ಬಿಡುವ ಹೊತ್ತಿನಲ್ಲೇ. ಚಿಮ್ನಿಗಳು ಮೂರಾಗಿದ್ದವು ಎರಡಾದವು. ಒಂದು ಬೆಳಿಗ್ಗೆ ಹ್ಯಾಮರ್ ನಿಂತಿತು, ಮತ್ತೆ ಏಳಲಿಲ್ಲ. ಸಾಲಿನವರು ಒಂದು ವಾರ ಎದುರೆದುರು ನಿಂತೂ ಜೋರಾಗಿ ಮಾತಾಡುತ್ತಿದ್ದರು. ಇಷ್ಟು ವರ್ಷ ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೆವು ಎಂದು ಆಗಲೇ ಗೊತ್ತಾದದ್ದು. ಮೇಸ್ತ್ರಿ ಕೊನೆಯ ಪಟ್ಟಿ ಅಂಟಿಸಿದ್ದು ಆ ವಾರ. ಅದು ಹರಿಯಲಿಲ್ಲ. “ನಿಂತಿತು” ಎಂದ. ಮುಂದಿನ ವರ್ಷ ಅವನೂ ಹೋದ.

ಫೋಟೋಗಳೆಲ್ಲ ಟ್ರಂಕಿನಲ್ಲಿದ್ದವು. ನೆಗೆಟಿವುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದ. ತೇವ ಹಿಡಿದು ಎಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಉಂಡೆಯಂತಾಗಿದ್ದವು. ಉಳಿದದ್ದು ಕಾಗದದ ಮೇಲಿನದಷ್ಟೇ. ಪುಟ್ಟಿಯ ಒಂಬತ್ತು ಫೋಟೋಗಳನ್ನು ಅವಳು ಬೇರೆ ಲಕೋಟೆಯಲ್ಲಿಟ್ಟು, ಎಂದಾದರೊಮ್ಮೆ ಮಧ್ಯಾಹ್ನ ಸೊಸೆ ಬಟ್ಟೆ ಒಣಹಾಕಲು ಹೋದಾಗ ತೆಗೆದು ನೋಡುತ್ತಿದ್ದಳು. ನೋಡಿದರೆ ಏನೂ ಆಗುತ್ತಿರಲಿಲ್ಲ. ಮೂರರಿಂದ ಹನ್ನೊಂದರವರೆಗೆ ಸಾಲಾಗಿ ಹಾಸಿ, ಮತ್ತೆ ಎತ್ತಿಡುತ್ತಿದ್ದಳು. ಅದೂ ಒಂದು ಕೆಲಸ, ಅಕ್ಕಿ ಆರಿಸಿದ ಹಾಗೆ.

ಕಾರ್ಖಾನೆಯನ್ನು ಬೇರೆಯವರು ಕೊಂಡರು. ಸಾಲು ಮನೆಗಳನ್ನು ಕೆಡವುತ್ತಾರೆಂದು ನೋಟೀಸು ಬಂತು. ಹ್ಯಾಮರಿನಿಂದ ಬಿರುಕು ಬಿಟ್ಟ ಮನೆ ಎಂದು ಸಾಬೀತಾದವರಿಗೆ ರೈಲು ಹಳಿಯಾಚೆ ಹೊಸ ಮನೆ. ಕಟ್ಟಿದಾಗಿನಿಂದಲೇ ಬಿರುಕಿತ್ತು ಎಂದಾದರೆ ಏನೂ ಇಲ್ಲ, ತಿಂಗಳಲ್ಲಿ ಖಾಲಿ ಮಾಡಬೇಕು. ಕಾರ್ಖಾನೆಯವರ ಹಳೆಯ ಕಡತದಲ್ಲಿ, ಮನೆಗಳು ಮೊದಲಿನಿಂದಲೇ ಹಾಗೆ, ಅಡಿಪಾಯ ಕುಸಿದಿತ್ತು ಎಂದು ಬರೆದಿತ್ತಂತೆ.

ಸೋಮವಾರ ತಪಾಸಣೆಗೆ ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಸಾಲಿನವರು ಅರ್ಧ ಗಂಟೆಯಲ್ಲಿ ಅವಳನ್ನು ಇಂಜಿನಿಯರಮ್ಮ ಎಂದು ಕರೆಯತೊಡಗಿದರು. ಕೊನೆಮನೆಯ ಗೋಡೆಯ ಮುಂದೆ ಅವಳು ಬಹಳ ಹೊತ್ತು ನಿಂತಳು.

“ಈ ಪಟ್ಟಿಗಳು ಯಾರು ಅಂಟಿಸಿದ್ದು ಅಮ್ಮಾ?”

“ನಮ್ಮ ಮನೆಯವರು.”

“ಚೆನ್ನಾಗಿದೆ. ಆದ್ರೆ ಪಟ್ಟೀನ ನಿನ್ನೆ ಅಂಟಿಸಿ ಮೂವತ್ತು ವರ್ಷದ ಹಿಂದಿನ ತಾರೀಖು ಬರೀಬಹುದು ಅಂತಾರೆ. ಬೇರೆ ಏನಾದ್ರೂ ಇದೆಯಾ?”

ಅವಳು ಬಾಯಿ ತೆರೆಯುವುದಕ್ಕೆ ಮುಂಚೆ ಬಾಗಿಲಲ್ಲಿ ನಿಂತಿದ್ದ ಲೇತಿನವನ ಹೆಂಡತಿಯ ಬಾಯಿ ತೆರೆದಾಗಿತ್ತು. “ಫೋಟೋ ಇದೆಯಲ್ಲಮ್ಮಾ! ವರ್ಷ ವರ್ಷ ತೆಗೀತಿದ್ರು. ಗೋಡೆ ನೆಟ್ಟಗಿದ್ದಾಗಿಂದ!”

ಇಂಜಿನಿಯರಮ್ಮನ ಮುಖ ಅರಳಿತು. ಸಾಲು ಪೂರ್ತಿ ಒಂದೇ ಅಡಿಪಾಯದ ಮೇಲಿದೆ, ಈ ಒಂದು ಗೋಡೆ ಸಾಬೀತಾದರೆ ಹದಿನೆಂಟೂ ಸಾಬೀತಾದಂತೆ ಎಂದಳು. ಬುಧವಾರ ಮಧ್ಯಾಹ್ನಕ್ಕೆ ಕಡತ ಮುಚ್ಚುತ್ತದೆ, ಅಸಲು ಫೋಟೋಗಳೇ ಬೇಕು, ಕಾಪಿ ನಡೆಯುವುದಿಲ್ಲ.

“ವಾಪಸ್ ಕೊಡ್ತೀರಾ?” ಎಂದಳು ಸೊಸೆ.

“ಅರ್ಜಿ ಹಾಕಬಹುದು” ಎಂದಳು ಇಂಜಿನಿಯರಮ್ಮ. ಸುಳ್ಳು ಹೇಳುವವಳಲ್ಲ, ನೆಲ ನೋಡುತ್ತಾ ಹೇಳಿದಳು.

ಕೊನೆಮನೆಯಾಕೆಗೆ ಅರ್ಜಿಯ ಹಣೆಬರಹ ಗೊತ್ತಿತ್ತು. ಮೇಸ್ತ್ರಿಯ ಸೇವಾ ಪುಸ್ತಕ ಯಾವುದೋ ಸಹಿಗೆಂದು ಕಾರ್ಖಾನೆಯ ಕಚೇರಿಯೊಳಗೆ ಹೋದದ್ದು ಅವನು ಸತ್ತ ಮೇಲೂ ಹೊರಗೆ ಬಂದಿರಲಿಲ್ಲ.

ಅಂದು ಸಂಜೆಯವರೆಗೆ ಸಾಲಿನ ಜನ ಒಬ್ಬೊಬ್ಬರಾಗಿ ಬಂದು ಹೋದರು. ಏನೂ ಕೇಳಲಿಲ್ಲ. ಸುಮ್ಮನೆ ಕೂತು, ನೀರು ಕುಡಿದು, ಟ್ರಂಕಿನ ಕಡೆ ಒಮ್ಮೆ ನೋಡಿ ಎದ್ದು ಹೋದರು. ಲೇತಿನವನ ಹೆಂಡತಿಯೊಬ್ಬಳೇ ಬಾಯಿಬಿಟ್ಟಳು. “ಅಕ್ಕಾ, ನಮ್ಮೆಲ್ಲರ ಮನೆ ನಿನ್ನ ಟ್ರಂಕಿನಲ್ಲಿದೆ. ನಾನು ಬಾಯಿ ಹಾಕಿದ್ದು ತಪ್ಪಾಯ್ತೇನೋ. ಈ ವಯಸ್ಸಿನಲ್ಲಿ ನಮ್ಮ ಯಜಮಾನ್ರನ್ನ ಎತ್ತಿಕೊಂಡು ಎಲ್ಲಿಗೆ ಹೋಗಲಿ ಹೇಳು?” ಅವಳ ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು.

“ಕೊಡ್ತೀನಿ, ಹೋಗು” ಎಂದಳು ಕೊನೆಮನೆಯಾಕೆ.

ಮಗ ದೂರದ ರೂಟಿಗೆ ಬಸ್ಸು ತೆಗೆದುಕೊಂಡು ಹೋಗಿದ್ದ, ಬರುವುದು ಗುರುವಾರ. ಮಂಗಳವಾರ ಸೊಸೆ ಸ್ಟುಡಿಯೋಕ್ಕೆ ಓಡಿದಳು. ಕಾಪಿ ಮಾಡಿಸಿ ಇಟ್ಟುಕೊಂಡರೆ ಅತ್ತೆಗೆ ಅಷ್ಟಾದರೂ ಉಳಿಯುತ್ತದೆ ಎಂಬ ಆಸೆ. ನಾಲ್ಕು ದಿನಕ್ಕೆ ಮೊದಲು ಆಗುವುದಿಲ್ಲ ಎಂದನಂತೆ. ಅವಳು ಬರಿಗೈಯಲ್ಲಿ ಬರುವಷ್ಟರಲ್ಲಿ ಇಲ್ಲಿ ಕೆಲಸ ಮುಗಿದಿತ್ತು.

ಕೊನೆಮನೆಯಾಕೆ ಕಿಟಕಿಯ ಕೆಳಗೆ ಕೂತು, ಲಕೋಟೆ ಬಿಚ್ಚಿ, ಒಂಬತ್ತನ್ನೂ ನೆಲದ ಮೇಲೆ ಹಾಸಿದ್ದಳು. ಅವಳ ಯೋಚನೆ ಸರಳವಾಗಿತ್ತು. ಅವರಿಗೆ ಬೇಕಾದ್ದು ಗೋಡೆ. ನನಗೆ ಬೇಕಾದ್ದು ಪುಟ್ಟಿ. ಗೋಡೆ ಬಲಕ್ಕಿದೆ, ಪುಟ್ಟಿ ಎಡಕ್ಕಿದ್ದಾಳೆ. ಯಾರಿಗೂ ಅನ್ಯಾಯವಿಲ್ಲ. ಹೊಲಿಗೆಯ ಕತ್ತರಿ ತಂದು ಮೇಲಿನಿಂದ ಕೆಳಕ್ಕೆ ಕತ್ತರಿಸುತ್ತಾ ಬಂದಳು. ಬಿರುಕಿನ ಕಡೆಗೆ ಚಾಚಿದ ಕೈ ಬಂದಲ್ಲಿ ಕತ್ತರಿ ನಿಧಾನ ಮಾಡಿ, ಬೆರಳುಗಳ ಸುತ್ತ ತಿರುಗಿಸಿ, ಆ ಬೆರಳು ಹಿಡಿದ ಅಡಿಪಟ್ಟಿಯ ತುದಿಯವರೆಗೂ ಹೋಗಿ ಮತ್ತೆ ಕೆಳಗಿಳಿದಳು. ಮಗುವಿನ ಕೈ ಕಡಿಯುವುದು ಹೇಗೆ? ಕೈಯಲ್ಲಿದ್ದದ್ದೂ ಕೈಯ ಜೊತೆಗೇ ಬಂತು. ಸ್ಲೇಟೂ ಬಂತು. ಎಂಟು ಫೋಟೋ ಹಾಗೆ ಎರಡಾದವು. ಒಂಬತ್ತನೆಯ ವರ್ಷದ್ದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಪುಟ್ಟಿ ಬಿರುಕಿನ ಮೇಲೇ ಒರಗಿದ್ದಳು. ಕತ್ತರಿ ಹಾಕಲು ಜಾಗವೇ ಇರಲಿಲ್ಲ. ಹಾಗೇ ಬಿಟ್ಟಳು.

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. “ಅತ್ತೇ, ಏನು ಮಾಡಿದಿರಿ ಇದು?”

“ಪಾಲು ಮಾಡಿದೆ” ಎಂದಳು ಕೊನೆಮನೆಯಾಕೆ.

ಬುಧವಾರ ಹಳೆಯ ಹಾಜರಿ ಕಚೇರಿಯಲ್ಲಿ ಇಂಜಿನಿಯರಮ್ಮ ಕಿಟಕಿಯ ಪಕ್ಕ ಮೇಜು ಹಾಕಿಕೊಂಡಿದ್ದಳು. ಒಂದು ಕಾಲದಲ್ಲಿ ಮೇಸ್ತ್ರಿ ದಿನಕ್ಕೆರಡು ಸಲ ಬಿಲ್ಲೆ ಕೊಟ್ಟು ಹೋಗುತ್ತಿದ್ದ ಕಿಟಕಿ ಅದು. ಹೊರಗೆ ಮೆಟ್ಟಿಲ ಮೇಲೆ ಸಾಲಿನವರು ಹತ್ತಾರು ಜನ ಕೂತಿದ್ದರು. ಸೊಸೆ ಪಕ್ಕದಲ್ಲಿ ನಿಂತಳು. ಕೊನೆಮನೆಯಾಕೆ ಗೋಡೆಯ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಇಂಜಿನಿಯರಮ್ಮ ಒಂದನ್ನು ಎತ್ತಿ ನೋಡಿದಳು, ಇನ್ನೊಂದನ್ನು ನೋಡಿದಳು. ಒಂದೊಂದರ ಅಂಚಿನಲ್ಲೂ ಕಚ್ಚಿದ ಹಾಗೊಂದು ಹಲ್ಲು.

“ಇದೇನಮ್ಮಾ? ತಾರೀಖೆಲ್ಲಿ?”

“ಗೋಡೆ ಇದೆಯಲ್ಲ.”

“ಗೋಡೆ ಇದೆ. ಯಾವ ವರ್ಷದ ಗೋಡೆ? ಬಿರುಕು ಬೆರಳಗಲವೋ, ಕೂದಲೆಳೆಯೋ, ನನಗೆ ಹೇಗೆ ಗೊತ್ತಾಗಬೇಕು? ಅಳತೆ ಬೇಕಲ್ಲ.” ಒಂದು ತುಂಡನ್ನು ಬೆಳಕಿಗೆ ಹಿಡಿದಳು. “ಇಲ್ಲಿ ಏನೋ ಇತ್ತು. ಯಾರು ಕತ್ತರಿಸಿದ್ದು?”

“ನಾನೇ. ಅಲ್ಲಿ ನನ್ನ ಮಗಳಿದ್ದಳು.”

ಸೊಸೆ ಮೆಲ್ಲಗೆ, “ಅವರಿಲ್ಲ ಮೇಡಂ. ಹನ್ನೆರಡು ವರ್ಷಕ್ಕೇ ಹೋಗಿಬಿಟ್ರು” ಎಂದಳು.

ಇಂಜಿನಿಯರಮ್ಮ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. “ಆ ಭಾಗಗಳು ಎಲ್ಲಿವೆ ಅಮ್ಮಾ?”

ಕೊನೆಮನೆಯಾಕೆಯ ಕೈ ತನ್ನ ಕೈಚೀಲದ ಮೇಲೆ ಹೋಯಿತು. ಅವು ಅದರಲ್ಲೇ ಇದ್ದವು, ಕರವಸ್ತ್ರದಲ್ಲಿ ಸುತ್ತಿ. ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಿರಲಿಲ್ಲ. ಕಿಟಕಿಯಾಚೆ ಮೆಟ್ಟಿಲ ಮೇಲೆ ಲೇತಿನವನ ಹೆಂಡತಿ ಕೂತಿರುವುದು ಕಾಣುತ್ತಿತ್ತು. ಅವಳ ಬಾಯಿ ಮುಚ್ಚಿತ್ತು. ಅಷ್ಟು ವರ್ಷಗಳಲ್ಲಿ ಅವಳ ಬಾಯಿ ಮುಚ್ಚಿದ್ದನ್ನು ಕೊನೆಮನೆಯಾಕೆ ಮೊದಲ ಸಲ ನೋಡಿದ್ದು.

“ನಿಮಗೆ ಕೊಡಲೇಬೇಕು ಅಂತ ನಾನು ಹೇಳಲ್ಲ” ಎಂದಳು ಇಂಜಿನಿಯರಮ್ಮ. “ಆದ್ರೆ ಇದಿಷ್ಟನ್ನೇ ಇಟ್ಕೊಂಡು ನಾನು ಬರೆಯೋಕೆ ಆಗಲ್ಲ.”

ಕೊನೆಮನೆಯಾಕೆ ಚೀಲ ಬಿಚ್ಚಿದಳು. ಕರವಸ್ತ್ರದ ಗಂಟು ಬಿಗಿಯಾಗಿತ್ತು, ಸೊಸೆ ಕೈಹಾಕಲು ಬಂದಾಗ ಬೇಡ ಎಂದು ತಲೆಯಾಡಿಸಿ ತಾನೇ ಬಿಡಿಸಿದಳು. ವಯಸ್ಸು ಹೇಳುತ್ತಾ ಮೂರು ವರ್ಷದ ಪುಟ್ಟಿಯನ್ನು ಮೇಜಿನ ಮೇಲಿಟ್ಟಳು. ನಾಲ್ಕು. ಐದು. ಇಂಜಿನಿಯರಮ್ಮ ಒಂದೊಂದನ್ನೂ ಅದರ ಗೋಡೆಯ ಪಕ್ಕ ಸರಿಸುತ್ತಾ ಹೋದಳು. ಬೆರಳುಗಳ ಸುತ್ತ ಕತ್ತರಿಸಿದ ಹಲ್ಲಿಗೆ ಹಲ್ಲು ಕೂತು, ಅಡಿಪಟ್ಟಿ ಮತ್ತೆ ಬಿರುಕಿಗೆ ತಾಗಿತು. “ಐದರವರೆಗೆ ಏನೂ ಇಲ್ಲ. ಆರಕ್ಕೆ ಶುರು. ಕಿಟಕಿಯಲ್ಲಿ ಚಿಮ್ನಿ ನೋಡಿ, ಅರ್ಧ ಕಟ್ಟಿದೆ. ಇದನ್ನ ಯಾರೂ ಸುಳ್ಳು ಅನ್ನೋ ಹಾಗಿಲ್ಲ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಒಂಬತ್ತರದನ್ನು ಎತ್ತಿಕೊಂಡು ಹುಬ್ಬು ಗಂಟಿಕ್ಕಿದಳು.

“ಇದು ಅಲ್ಲಾಡಿಹೋಗಿದೆ. ಬಿರುಕೂ ಕಾಣಲ್ಲ. ಯಾಕೆ ಹೀಗಾಯ್ತು?”

“ದೊಡ್ಡಪ್ಪ ಹೊಡೆದ.”

“ಯಾರು?”

“ಹ್ಯಾಮರು” ಎಂದಳು ಸೊಸೆ.

ಇಂಜಿನಿಯರಮ್ಮ ಅದನ್ನು ಒಂದು ಗಳಿಗೆ ಹಿಡಿದುಕೊಂಡೇ ಇದ್ದಳು. “ನಿಜ ಹೇಳಬೇಕಂದ್ರೆ ಇದೊಂದೇ ಸಾಕು. ಆದ್ರೆ ಇದರಲ್ಲಿ ಅಳೆಯೋಕೆ ಏನೂ ಇಲ್ಲ. ಕಡತಕ್ಕೆ ನಡೆಯಲ್ಲ. ನೀವೇ ಇಟ್ಕೊಳ್ಳಿ.”

ಅವಳು ಬಿಳಿ ಕಾಗದ ತೆಗೆದು ಸಪೂರ ಪಟ್ಟಿಗಳಾಗಿ ಕತ್ತರಿಸಿದಳು. ಗೋಂದು ಹಚ್ಚಿ, ಪುಟ್ಟಿಗೂ ಗೋಡೆಗೂ ನಡುವಿನ ಕತ್ತರಿಯ ಗೆರೆಗೆ ಅಡ್ಡಲಾಗಿ ಒಂದೊಂದು ಪಟ್ಟಿ ಅಂಟಿಸಿದಳು. ಪಟ್ಟಿಯ ಮೇಲೆ ಅಂದಿನ ತಾರೀಖು ಬರೆದಳು.

ಕೊನೆಮನೆಯಾಕೆ ನೋಡುತ್ತಾ ನಿಂತಿದ್ದಳು.

“ಇಲ್ಲಿ ಸಹಿ ಹಾಕಿ ಅಮ್ಮಾ. ಅರ್ಧ ಈ ಕಡೆ, ಅರ್ಧ ಆ ಕಡೆ ಬರೋ ಹಾಗೆ. ಎರಡೂ ಒಂದೇ ಫೋಟೋ ಅನ್ನೋದಕ್ಕೆ.”

ಅವಳಿಗೆ ಬರೆಯಲು ಬರುತ್ತಿದ್ದದ್ದು ಅವಳ ಹೆಸರೊಂದೇ. ಯಾರೂ ಕರೆಯದ ಆ ಹೆಸರನ್ನು ಎಂಟು ಸಲ ಬರೆದಳು. ಅರ್ಧ ಮಗಳ ಕಡೆ, ಅರ್ಧ ಗೋಡೆಯ ಕಡೆ. ಮುಗಿಸಿ, “ಈ ಪಟ್ಟಿ ಹರಿದರೆ ನೋಡಿಕೊಳ್ಳಿ” ಎಂದಳು.

“ಹರಿಯಲ್ಲ ಅಮ್ಮಾ, ಒಳ್ಳೆ ಗೋಂದು.”

ಇಂಜಿನಿಯರಮ್ಮ ಎಂಟನ್ನೂ ಕಡತದಲ್ಲಿಟ್ಟು ದಾರ ಕಟ್ಟಿದಳು.

ಆರು ತಿಂಗಳಲ್ಲಿ ಹದಿನೆಂಟು ಮನೆಯವರೂ ರೈಲು ಹಳಿಯಾಚೆ ಹೋದರು. ಮೂರು ಮಹಡಿಯ ಕಟ್ಟಡಗಳು. ಲೇತಿನವನನ್ನು ನಾಲ್ಕು ಜನ ಕುರ್ಚಿಯ ಸಮೇತ ಎತ್ತಿಕೊಂಡು ಮೇಲಕ್ಕೆ ಒಯ್ದರು. ಅವನ ಹೆಂಡತಿ ಹಿಂದಿನಿಂದ, “ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ ಅಂದೆ” ಎಂದು ಮೂರು ಮಹಡಿಯೂ ಕೂಗಿದಳು. ಕೊನೆಮನೆಯಾಕೆಗೆ ಈ ಸಲ ನಡುವಿನ ಮನೆ ಸಿಕ್ಕಿತು. ಜನ ಹೆಸರು ಬದಲಿಸಲಿಲ್ಲ. ಮಗ ಎರಡು ಸಲ ಅರ್ಜಿ ಹಾಕಿದ. ಕಡತ ಮೇಲಿನ ಕಚೇರಿಗೆ ಹೋಗಿದೆ ಎಂದರು. ಮೂರನೆಯ ಸಲ ಹೊರಟಾಗ ಅವಳೇ, “ಬಿಡು” ಎಂದಳು.

ಒಂಬತ್ತರ ಫೋಟೋವನ್ನು ಗೋಡೆಗೆ ಹಾಕಲಿಲ್ಲ, ಟ್ರಂಕಿಗೂ ಹಾಕಲಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಮುಖವಿಲ್ಲದ ಹುಡುಗಿ. ಬಂದವರು ಯಾರಿದು ಎಂದು ಕೇಳುತ್ತಿರಲಿಲ್ಲ, ಯಾವುದೋ ಕೆಟ್ಟುಹೋದ ಫೋಟೋ ಎಂದುಕೊಳ್ಳುತ್ತಿದ್ದರು. ಚಹಾ ಮಾಡುವಾಗ ಒಂದೊಂದು ಸಲ ಅವಳಿಗೆ ಪುಟ್ಟಿಯ ಆ ನಗು ಕೇಳಿಸಿದಂತಾಗುತ್ತಿತ್ತು, ಕೇಳಿಸದೆಯೂ ಇರುತ್ತಿತ್ತು. ಎರಡಕ್ಕೂ ಅವಳು ಒಂದೇ ಸಮನೆ ಹಾಲು ಕಲಕುತ್ತಿದ್ದಳು.

ಮಗ ಹೊಸದಾಗಿ ಒಂದು ಕ್ಯಾಮೆರಾ ಕೊಂಡು ತಂದ. ಒಂದು ಭಾನುವಾರ ಬೆಳಿಗ್ಗೆ ತನ್ನ ನಾಲ್ಕು ವರ್ಷದ ಮಗಳನ್ನು ಕಿಟಕಿಯ ಪಕ್ಕದ ಗೋಡೆಗೆ ನಿಲ್ಲಿಸಿದ. ಕಿಟಕಿಯಾಚೆ ಚಿಮ್ನಿ ಇರಲಿಲ್ಲ, ಎದುರು ಕಟ್ಟಡದ ಬಟ್ಟೆಗಳಿದ್ದವು. ಗೋಡೆ ನುಣ್ಣಗಿತ್ತು. ಆಗ ಅವನಿಗೆ ಅಮ್ಮ ತನ್ನ ಫೋಟೋ ಎಂದೂ ತೆಗೆಯಗೊಡದದ್ದು ನೆನಪಾಗಿ ಕ್ಯಾಮೆರಾ ಕೆಳಗಿಳಿಸಿದ. ಸೊಸೆಯೂ ಒಲೆಯ ಕಡೆಯಿಂದ ತಿರುಗಿ ನೋಡಿದಳು. ಇಬ್ಬರೂ ಕೊನೆಮನೆಯಾಕೆಯ ‘ಬೇಡ’ಕ್ಕೆ ಕಾಯುತ್ತಿದ್ದರು.

ಹುಡುಗಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತಿದ್ದಳು. ಸೊಸೆ ಕೈಗೆ ಸಿಕ್ಕ ಚಮಚವನ್ನು ಅವಳಿಗೆ ಹಿಡಿಸಲು ಹೋದಳು, ಹಾಗಾದರೂ ಸುಮ್ಮನಾಗಲಿ ಎಂದು.

“ಕೈಗೆ ಏನೂ ಕೊಡಬೇಡ” ಎಂದಳು ಕೊನೆಮನೆಯಾಕೆ. “ಅಲ್ಲಾಡಿದರೆ ಅಲ್ಲಾಡಲಿ. ತೆಗಿ.”